ಎರಡು ಬೀಗ, ಹನ್ನೊಂದು ಹೋಳಿಗೆ

ಶಾಂತಿ ಕಾಯುವ ಕೆಲಸಕ್ಕೆ ಸೇರಿದವರಿಗೆ ಒಮ್ಮೊಮ್ಮೆ ಊಟ ತಪ್ಪುತ್ತದೆ, ನಿದ್ದೆ ತಪ್ಪುತ್ತದೆ, ವಿಮಾನವೂ ತಪ್ಪುತ್ತದೆ. ಫಜೀತಿ ಮಾತ್ರ ಒಂದು ದಿನವೂ ತಪ್ಪುವುದಿಲ್ಲ.

ನಾನು ಹುಟ್ಟಿದ್ದು ಕುಮಟೆಯಲ್ಲಿ. ಸೇಡಂ ಕಡೆಯ ಮನೆತನಕ್ಕೆ ಸೊಸೆಯಾಗಿ ಹೈದರಾಬಾದಿಗೆ ಬಂದವಳು ನಾರಾಯಣಗೂಡದ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದೆ. ಬರಬರುತ್ತಾ ನನ್ನ ವಿದ್ಯಾರ್ಥಿಗಳೆಲ್ಲ ಕಂಪ್ಯೂಟರ್ ಕಲಿಯಲು ಎದುರಿನ ಕೋಚಿಂಗ್ ಸೆಂಟರಿಗೆ ಸೇರಿದರು. ಒಂದು ದಿನ ತರಗತಿಯಲ್ಲಿ ನಾನು, ಕರಿಹಲಗೆ ಮತ್ತು ಕೋಣೆ ತಪ್ಪಿ ಬಂದ ಒಬ್ಬ ಹುಡುಗಿ ಮಾತ್ರ ಉಳಿದೆವು. ಅಂದೇ ಪತ್ರಿಕೆಯಲ್ಲಿ ಕಂಡ ಒಂದು ಜಾಹೀರಾತಿಗೆ ಅರ್ಜಿ ಹಾಕಿದೆ. ಹೀಗೆ ನಲವತ್ತೆಂಟನೇ ವಯಸ್ಸಿನಲ್ಲಿ ಅಂತರರಾಷ್ಟ್ರೀಯ ಶಾಂತಿಪಾಲನಾ ಮಿಷನ್ನಿನಲ್ಲಿ ಜೂನಿಯರ್ ರಾಜಕೀಯ ವ್ಯವಹಾರಗಳ ಅಧಿಕಾರಿಯಾದೆ. ಹುದ್ದೆಯ ಹೆಸರು ಉದ್ದ, ಕೆಲಸ ಗಿಡ್ಡ. ಜಗಳವಾಡುವವರ ಕುರ್ಚಿಗಳು ಒಂದೇ ಎತ್ತರ ಇವೆಯೇ ನೋಡುವುದು, ಆಮೇಲೆ ಮೂಲೆಯಲ್ಲಿ ಕೂತು ಯಾರು ಏನಂದರು ಎಂದು ಬರೆದುಕೊಳ್ಳುವುದು. ನನ್ನ ಮೇಲಧಿಕಾರಿಗೆ ಮೂವತ್ತೆರಡು ವರ್ಷ.

ಮಿಷನ್ ಇದ್ದದ್ದು ಆಫ್ರಿಕಾದ ಒಂದು ದೇಶದಲ್ಲಿ. ಅಲ್ಲೊಂದು ಹೊಳೆ, ಹೊಳೆಗೊಂದು ಸೇತುವೆ. ಈ ದಂಡೆಯ ಮುಖಂಡರು ಈ ತುದಿಯ ಗೇಟಿಗೆ ಬೀಗ ಹಾಕಿದ್ದರು, ಆ ದಂಡೆಯವರು ಆ ತುದಿಗೆ. ಗುಂಡು ಹಾರುವುದು ನಿಂತು ಎರಡು ವರ್ಷವಾಗಿತ್ತು. ಬೀಗ ತೆಗೆಯಲು ಇಬ್ಬರೂ ತಯಾರು. ಮೊದಲು ತೆಗೆಯಲು ಒಬ್ಬರೂ ತಯಾರಿಲ್ಲ. ಆಸ್ಪತ್ರೆ ಈ ಕಡೆ, ಸಂತೆ ಆ ಕಡೆ. ಹೆಂಗಸರು ದೋಣಿಯಲ್ಲಿ ದಾಟುತ್ತಿದ್ದರು. ಮಳೆ ಹಿಡಿದರೆ ದೋಣಿಯೂ ಬಂದ್, ಆ ಕಡೆಯ ಬಸುರಿಯರಿಗೆ ನಾಲ್ಕು ತಿಂಗಳು ದೇವರೇ ಗತಿ. ಮಳೆಗೆ ಮೂರು ವಾರ ಉಳಿದಿತ್ತು.

ಆಗ ಮೇಲಧಿಕಾರಿಗೆ ಒಂದು ಉಪಾಯ ಹೊಳೆಯಿತು. ಶಾಂತಿ ಇದ್ದರೆ ಒಂದು ಊರು ಹೇಗೆ ಬೆಳೆಯುತ್ತದೆ ಎಂದು ಇಬ್ಬರಿಗೂ ತೋರಿಸಬೇಕು. ಮಾದಾಪುರದ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ಜಗತ್ತಿನ ಬಾಯಲ್ಲೆಲ್ಲ ಹೈದರಾಬಾದಿನದೇ ಮಾತು. "ಅದು ನಿಮ್ಮ ಊರಲ್ಲವೇ?" ಎಂದ. ಅಲ್ಲ ಅನ್ನಬೇಕಿತ್ತು. ಹೌದು ಅಂದೆ.

ಯಾವ ಕಂಪನಿ?

ಮುಖಂಡರ ಭೇಟಿಯ ತಯಾರಿಗೆಂದು ನಾನು ಎರಡು ದಿನ ಮೊದಲೇ ಹಿಮಾಯತ್‌ನಗರದ ನಮ್ಮ ಮನೆಗೆ ಬಂದೆ. ಲಿಫ್ಟಿನಲ್ಲಿ ಮೇಲಿನ ಮನೆಯ ರಾಯಚೂರಿನ ಹಿರಿಯರು ಸಿಕ್ಕರು. ಅವರ ಮೂರೂ ಮಕ್ಕಳು ಸಾಫ್ಟ್‌ವೇರಿನಲ್ಲಿ.

"ಪರದೇಶಕ್ಕ ಹೋಗೀರಂತ. ಯಾವ ಕಂಪನಿರಿ?"

"ಕಂಪನಿ ಅಲ್ಲರಿ. ಶಾಂತಿ ಕಾಯೋ ಕೆಲಸ."

"ಹಾಂ ಹಾಂ. ಪ್ರಾಜೆಕ್ಟ್ ಎಷ್ಟ್ ವರ್ಷದ್ದು?"

"ಆರಾರು ತಿಂಗಳಿಗೆ ಮುಂದುವರಿಸ್ತಾರರಿ."

"ಮುಗಿಯೋದು ಯಾವಾಗ?"

"ಅಲ್ಲಿ ಮಂದಿ ಜಗಳ ಬಿಟ್ಟಾಗ."

ಹಿರಿಯರು ನನ್ನ ಭುಜ ತಟ್ಟಿದರು. "ಹಂಗಂದ್ರ ಪರ್ಮನೆಂಟ್ ಅಂತ ಹೇಳ್ರಿ. ನಮ್ಮ ಹುಡುಗರಿಗೂ ಒಂದ್ ಮಾತು ಹಾಕ್ರಿ."

ಮುಂದೆ ಯಾರು, ಹಿಂದೆ ಯಾರು

ಮುಖಂಡರಿಬ್ಬರೂ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಇಳಿದರು. ಈ ದಂಡೆಯವರ ಕೈಯಲ್ಲಿ ಯಾವಾಗಲೂ ಒಂದು ಕೆತ್ತನೆಯ ಕೋಲು. ಆ ದಂಡೆಯವರ ತಲೆಯ ಮೇಲೆ ಯಾವಾಗಲೂ ಒಂದು ಕೆಂಪು ಟೋಪಿ. ನಾನು ಮನಸ್ಸಿನಲ್ಲೇ ಕೋಲಿನವರು, ಟೋಪಿಯವರು ಎಂದು ಹೆಸರಿಟ್ಟಿದ್ದೆ. ಮೇಲಧಿಕಾರಿ ಹೋಟೆಲಿನಲ್ಲಿ ಕಾಯುತ್ತಿದ್ದ.

ಎರಡು ಬಿಳಿ ಕಾರು ತಂದಿದ್ದೆ. ಕೋಲಿನವರು ಕೇಳಿದರು, "ಯಾವ ಕಾರು ಮುಂದೆ ಹೋಗುತ್ತದೆ?" ಟೋಪಿಯವರು ಅಂದರು, "ಹಿಂದಿನ ಕಾರಾದರೆ ನಾನು ನಡೆದೇ ಬರುತ್ತೇನೆ." ಎರಡೂ ಪಕ್ಕಪಕ್ಕ ಹೋಗಲಿ ಎಂದೆ. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹೈದರಾಬಾದಿನ ರಸ್ತೆಯಲ್ಲಿ ಒಂದು ಕಾರು ಮುಂದೆ ಹೋಗುವುದೇ ಪವಾಡ.

ಕೊನೆಗೆ ದಾರಿ ಕಂಡಿತು. ಇಬ್ಬರಿಗಿಂತ ಮುಂದೆ ನಾನೇ ಹೋಗುವುದು. ಆಗ ಇಬ್ಬರೂ ಹಿಂದೆಯೇ. ಮೂರನೇ ಕಾರು ಇರಲಿಲ್ಲ. ಆಟೋ ಹತ್ತಿದೆ.

ಅರ್ಧ ಮೈಲಿ ಹೋಗುವಷ್ಟರಲ್ಲಿ ಆಟೋದವನು ಕನ್ನಡಿ ನೋಡುತ್ತಾ ಅಂದ, "ಅಮ್ಮಾ, ದೋ ಗಾಡಿಯಾಂ ಪೀಛಾ ಕರ್ ರೇ." ಎರಡು ಕಾರು ಬೆನ್ನು ಹತ್ತಿವೆ ಎಂದು.

"ಗೊತ್ತು, ಅವು ನಮ್ಮವೇ" ಎಂದು ಹೇಳಲು ಬಾಯಿ ತೆರೆದೆ. ಅವನು ಕೇಳಿಸಿಕೊಳ್ಳಲಿಲ್ಲ. "ಫಿಕರ್ ನಕ್ಕೋ ಕರೋ ಅಮ್ಮಾ!" ಎಂದು ಧೈರ್ಯ ಹೇಳಿದವನೇ ಆಟೋವನ್ನು ಒಂದು ಗಲ್ಲಿಗೆ ನುಗ್ಗಿಸಿದ. ಅಲ್ಲಿಂದ ಇನ್ನೊಂದು ಗಲ್ಲಿ, ಒಂದು ತರಕಾರಿ ಮಾರುಕಟ್ಟೆ, ಒಂದು ಮದುವೆ ಮನೆಯ ಚಪ್ಪರ. ಕೊನೆಗೆ ಒಂದು ಗೋಡೆಯ ಮರೆಯಲ್ಲಿ ನಿಲ್ಲಿಸಿ, ಬೆವರು ಒರೆಸಿಕೊಂಡು, ಮಗನಂತೆ ಕೇಳಿದ: "ಅಬ್ ಬೋಲೋ ಅಮ್ಮಾ, ಕ್ಯಾ ಕರ್ಕೇ ಆಯೇ?" ಏನು ಅಪರಾಧ ಮಾಡಿ ಬಂದಿದ್ದೀರಿ ಎಂದು.

ನಾನು ಹೋಟೆಲ್ ಮುಟ್ಟುವಾಗ ಅತಿಥಿಗಳು ಬಂದು ಒಂದು ಗಂಟೆಯಾಗಿತ್ತು. ಯಾರ ಕಾರು ಮೊದಲು ಬಂತು ಎಂದು ಡ್ರೈವರುಗಳನ್ನು ಗುಟ್ಟಾಗಿ ಕೇಳಿದೆ. ಇಬ್ಬರೂ ಎದೆ ಉಬ್ಬಿಸಿ "ನಂದೇ" ಅಂದರು.

ದೀಪ ಬೆಳಗಿದ್ದು

ಮರುದಿನ ಮಾದಾಪುರದ ಒಂದು ಕಂಪನಿಗೆ ಭೇಟಿ. ವ್ಯವಸ್ಥೆ ನೋಡುತ್ತಿದ್ದವಳು ಮೈಸೂರಿನ ಒಬ್ಬ ಹುಡುಗಿ, ಬಲು ಚುರುಕು. ಸಭಾಂಗಣದ ನಡುವೆ ಆಳೆತ್ತರದ ಹಿತ್ತಾಳೆ ದೀಪ ನಿಲ್ಲಿಸಿದ್ದಳು. ದೀಪ ಎಂದರೆ ಮೊದಲ ಬತ್ತಿ ಯಾರದು ಎಂಬ ಪ್ರಶ್ನೆ.

"ಇಬ್ಬರ ಕೈಗೂ ಒಂದೊಂದು ಮೇಣದಬತ್ತಿ ಕೊಡು. ಒಟ್ಟಿಗೆ ಹಚ್ಚಲಿ" ಎಂದು ಅವಳ ಕಿವಿಯಲ್ಲಿ ಹೇಳಿದೆ.

ಒಟ್ಟಿಗೇ ಹಚ್ಚಿದರು. ಟೋಪಿಯವರ ಬತ್ತಿ ಹತ್ತಿತು. ಕೋಲಿನವರ ಬತ್ತಿಯ ಮೇಲೆ ನೇರವಾಗಿ ಎಸಿ ಗಾಳಿ ಬೀಸುತ್ತಿತ್ತು, ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಮೂರನೇ ಸಲ ಅವರು ದೀಪ ಬಿಟ್ಟು ನನ್ನನ್ನೇ ನೋಡತೊಡಗಿದರು. ಅದು ಮಿಷನ್ನಿನ ಸಂಚು ಎಂಬ ನೋಟ.

"ಎಸಿ ಆರಿಸಮ್ಮಾ!" ಎಂದೆ.

"ಆಗಲ್ಲ ಮೇಡಂ. ಇಡೀ ಕಟ್ಟಡಕ್ಕೆ ಒಂದೇ ಎಸಿ. ಅದಕ್ಕೆ ಕಂಪ್ಯೂಟರಲ್ಲಿ ದೂರಿನ ಟಿಕೆಟ್ ಹಾಕಬೇಕು. ಅವರು ಬರೋಕೆ ನಾಲ್ಕು ಗಂಟೆ."

"ಅಷ್ಟರಲ್ಲಿ ಅಲ್ಲಿ ಯುದ್ಧ ಶುರುವಾಗುತ್ತೆ!"

ಹುಡುಗಿ ಅರೆಕ್ಷಣ ಯೋಚಿಸಿದಳು. ನಗುನಗುತ್ತಾ ಮುಂದೆ ಹೋಗಿ, ಟೋಪಿಯವರು ಹಚ್ಚಿದ ಬತ್ತಿಯನ್ನು ಉಫ್ ಎಂದು ಊದಿ ಆರಿಸಿ, ಜೋರಾಗಿ ಚಪ್ಪಾಳೆ ತಟ್ಟಿದಳು. ಸಭೆಯ ಹಿರಿಯರು "ಅಯ್ಯೋ ಶಿವನೇ!" ಎಂದರು. ಉಳಿದವರು ಇದೇ ಪದ್ಧತಿ ಇರಬೇಕೆಂದು ಚಪ್ಪಾಳೆ ತಟ್ಟಿದರು. ಕೋಲಿನವರ ಮುಖ ಅರಳಿತು. ಟೋಪಿಯವರೂ ಆಕ್ಷೇಪಿಸಲಿಲ್ಲ, ತನಗೆ ಇಲ್ಲದ್ದು ಇವನಿಗೂ ಇಲ್ಲವಲ್ಲ.

ಅಂದಿನ ವರದಿಯಲ್ಲಿ ಬರೆದೆ: "ದೀಪದ ವಿಷಯದಲ್ಲಿ ಯಥಾಸ್ಥಿತಿ ಕಾಯ್ದುಕೊಳ್ಳಲಾಯಿತು."

ಅವರಿಗೆ ಹೇಳಿ

ಮೂರನೇ ದಿನ ಮಾತುಕತೆ. ಇಬ್ಬರಿಗೂ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಒಬ್ಬರೊಡನೆ ಒಬ್ಬರು ನೇರ ಮಾತಾಡುತ್ತಿರಲಿಲ್ಲ. ಎರಡು ಮೊಳ ದೂರದಲ್ಲಿ ಎದುರುಬದುರು ಕೂತು ನಡುವೆ ನನ್ನನ್ನು ಕೂರಿಸಿದ್ದರು. "ಅವರಿಗೆ ಹೇಳಿ" ಎಂದು ಇವರು ಇಂಗ್ಲಿಷಿನಲ್ಲಿ ಹೇಳುವುದು, ನಾನು ಅದನ್ನೇ ಇಂಗ್ಲಿಷಿನಲ್ಲಿ ಅವರಿಗೆ ಹೇಳುವುದು. ಒಬ್ಬರು ಎದ್ದರೆ ಇನ್ನೊಬ್ಬರೂ ತಕ್ಷಣ ಏಳಬೇಕು, ಇಲ್ಲದಿದ್ದರೆ ಬಿಟ್ಟುಹೋದಂತೆ. ಹೀಗಾಗಿ ಯಾವ ಸಭೆಯೂ ಹತ್ತು ನಿಮಿಷ ದಾಟಿರಲಿಲ್ಲ.

"ಅವರಿಗೆ ಹೇಳಿ, ಅವರು ಮೂರ್ಖರು" ಅಂದರು ಕೋಲಿನವರು.

ನಾನು ಟೋಪಿಯವರ ಕಡೆ ತಿರುಗಿದೆ. "ತಮ್ಮ ನಿಲುವನ್ನು ಇನ್ನೊಮ್ಮೆ ಪರಿಶೀಲಿಸಬಹುದೇ ಎಂದು ಕೇಳುತ್ತಿದ್ದಾರೆ."

ಟೋಪಿಯವರು ಗಂಭೀರವಾಗಿ ತಲೆದೂಗಿದರು. "ಅವರು ಅಂದದ್ದು ನನಗೆ ಕೇಳಿಸಿತು. ಅದಕ್ಕೆ ಉತ್ತರ ಕೊಟ್ಟರೆ ಹೊಡೆದಾಟವಾಗುತ್ತದೆ. ನೀವು ಹೇಳಿದ್ದಕ್ಕೆ ಉತ್ತರ ಕೊಡುತ್ತೇನೆ: ಪರಿಶೀಲಿಸಿದೆ, ಆಗುವುದಿಲ್ಲ."

ಇಬ್ಬರೂ ಎದ್ದರು. ಎಂಟೂವರೆ ನಿಮಿಷ.

ಮೇಲಧಿಕಾರಿ ತಲೆಯ ಮೇಲೆ ಕೈ ಹೊತ್ತು ಕೂತ. ಮರುದಿನ ಸಂಜೆಯ ವಿಮಾನಕ್ಕೆ ಮುಖಂಡರು ಹೊರಡುವವರು. ಸೇತುವೆ ತೆರೆಯದಿದ್ದರೆ ಈ ಮಳೆಗಾಲವೂ ಹೋಯಿತು. ಎರಡು ತಿಂಗಳ ಹಿಂದೆ ಆ ದಂಡೆಯ ಒಬ್ಬ ಹೆಂಗಸು ದೋಣಿಯಲ್ಲೇ ಹೆತ್ತದ್ದರ ವರದಿಯನ್ನು ನಾನೇ ಬರೆದಿದ್ದೆ. ಮಗು ಉಳಿದಿತ್ತು, ದೋಣಿಯವನ ಪುಣ್ಯ. ಹೊಳೆ ತುಂಬಿದರೆ ಆ ಪುಣ್ಯವೂ ಇಲ್ಲ.

ಅತ್ತೆಯ ಮಧ್ಯಸ್ಥಿಕೆ

ಮನೆಯಲ್ಲಿ ನಮ್ಮತ್ತೆಗೆ ಬೇರೆಯದೇ ಚಿಂತೆ. ಆಗ ಅವರಿಗೆ ಎಂಬತ್ತು. "ದೂರದಿಂದ ಬಂದ ಮಂದಿನ ಹೋಟೆಲ್‌ನಾಗ ಇಟ್ಟೀರಿ. ಮರ್ಯಾದಿ ಐತೇನು? ನಾಳಿ ಮಧ್ಯಾಹ್ನ ಕರಕೊಂಡ್ ಬಾ. ಶೇಂಗಾ ಹೋಳಿಗಿ ಮಾಡ್ತೀನಿ."

ಬೇರೆ ಉಪಾಯವಿಲ್ಲದೆ ಕರೆತಂದೆ. ಒಂದೇ ಸಾಲಿನಲ್ಲಿ ಎರಡು ಮಣೆ ಹಾಕಿದ್ದರು. ನೆಲದ ಮೇಲೆ ಯಾರದೂ ಮೇಲಿನ ಕುರ್ಚಿ ಅಲ್ಲವಾದ್ದರಿಂದ ಇಬ್ಬರೂ ಸುಮ್ಮನೆ ಕೂತರು.

"ಏನಂತ ಇವರ ಜಗಳ?" ಅತ್ತೆ ಕೇಳಿದರು. ಹೇಳಿದೆ.

"ಕೀಲಿ ಎಲ್ಲೈತಿ?"

"ಇಬ್ಬರ ಕೊರಳಾಗೂ ಒಂದೊಂದು. ಊರಾಗ ಬಿಟ್ಟು ಬರಾಕ ಯಾರ ಮ್ಯಾಲೂ ನಂಬಿಕಿ ಇಲ್ಲ."

"ಪಾಪ, ಹಸಿದ ಮಂದಿಗೆ ಸಿಟ್ಟು ಭಾಳ" ಎಂದು ಅತ್ತೆ ತುಪ್ಪದ ಮಿಳ್ಳಿ ಎತ್ತಿಕೊಂಡರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮತ್ತೆಯ ಕಡೆ ಅತಿಥಿ ಒಮ್ಮೆ ಸಾಕು ಅಂದರೆ ಅದು ನಾಚಿಕೆ; ಎರಡು ಸಲ ಅಂದರೆ ಮರ್ಯಾದೆ. ಮೂರನೇ ಸಲ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು ಬಗ್ಗಿದರೆ ಮಾತ್ರ ಹೊಟ್ಟೆ ತುಂಬಿದೆ ಎಂದು ಅರ್ಥ. ಇದನ್ನು ತಿಳಿಯದ ಕುಮಟೆಯ ಹುಡುಗಿ ನಾನು ಮದುವೆಯ ಮರುದಿನ ಡಾಕ್ಟರನ್ನು ಕಂಡು ಬಂದಿದ್ದೆ. ಅತಿಥಿಗಳಿಗೆ ಈ ನಿಯಮ ಹೇಳಬೇಕಿತ್ತು. ಮರೆತೆ. ಇರಲಿ, ಈಗ ವಯಸ್ಸಾಯಿತು, ನಿಜ ಹೇಳುತ್ತೇನೆ: ಮರೆಯಲಿಲ್ಲ.

ಹಿರಿಯ ಹೆಂಗಸು ಬಡಿಸಿದ್ದನ್ನು ಬೇಡ ಅನ್ನುವುದು ಅವರ ದೇಶದಲ್ಲೂ ಅಪಮಾನ. ಅದಕ್ಕಿಂತ ಮುಖ್ಯವಾಗಿ, ಪಕ್ಕದವನು ತಿನ್ನುತ್ತಿರುವಾಗ ತಾನು ಸೋಲುವುದು ಹೇಗೆ? ಕೋಲಿನವರು ನಾಲ್ಕನೆಯದನ್ನು ಮುಗಿಸಿದರು. ಟೋಪಿಯವರು ಐದನೆಯದನ್ನು ಮುರಿದರು. ಆರಾಯಿತು, ಏಳಾಯಿತು. ಎಂಟಕ್ಕೆ ಕೋಲಿನವರು ಕೋಲನ್ನು ಗೋಡೆಗೆ ಒರಗಿಸಿದರು. ಒಂಬತ್ತಕ್ಕೆ ಟೋಪಿಯವರು ಟೋಪಿ ತೆಗೆದು ಗಾಳಿ ಹಾಕಿಕೊಂಡರು. ಬೋಳುತಲೆ ಇದೆ ಎಂದು ಮಿಷನ್ನಿಗೆ ತಿಳಿದದ್ದು ಅಂದೇ.

ಆಗ ಟೋಪಿಯವರು ನನ್ನನ್ನು ಬಿಟ್ಟು ನೇರವಾಗಿ ಪಕ್ಕಕ್ಕೆ ತಿರುಗಿದರು. "ನೀವು ಸಾಕು ಅಂದರೆ ನಾನೂ ಅನ್ನುತ್ತೇನೆ."

"ನೀವು ಮೊದಲು ಅನ್ನಿ."

"ಇಬ್ಬರೂ ಒಟ್ಟಿಗೆ. ಮೂರು ಎಣಿಸೋಣ."

ಎಣಿಸಿದರು. ಒಂದು, ಎರಡು, ಮೂರು. ಇಬ್ಬರೂ ತುಟಿ ಬಿಚ್ಚಲಿಲ್ಲ! ಇನ್ನೊಬ್ಬರು ಅನ್ನುತ್ತಾರೆಂದು ಇಬ್ಬರೂ ಕಾದಿದ್ದರು. ಬಾಯಿ ಮುಚ್ಚಿ ಕೂತದ್ದನ್ನು ಕಂಡು ಅತ್ತೆಗೆ ಕರುಳು ಚುರುಕ್ ಎಂದಿತು. "ನಾಚತಾವ ನೋಡು ಕೂಸುಗಳು" ಎಂದು ಇಬ್ಬರಿಗೂ ಎರಡೆರಡು ಹಾಕಿ ಮೇಲೆ ತುಪ್ಪ ಸುರಿದರು. ಹನ್ನೊಂದು.

ಅವೂ ಹೇಗೋ ಇಳಿದವು. ಅತ್ತೆ ಮತ್ತೆ ಬುಟ್ಟಿ ಎತ್ತಿಕೊಂಡು ಬರುವುದು ಕಂಡಿತು. ಕೋಲಿನವರು ಥಟ್ಟನೆ ಕೈ ಚಾಚಿ ಟೋಪಿಯವರ ತಟ್ಟೆಯನ್ನು ಮುಚ್ಚಿದರು. ಅದೇ ಕ್ಷಣ ಟೋಪಿಯವರು ಕೋಲಿನವರ ತಟ್ಟೆಯನ್ನು ಮುಚ್ಚಿದರು. ಇಬ್ಬರೂ ತಮ್ಮ ಬಾಯಿಂದ ಸಾಕು ಅನ್ನಲಿಲ್ಲ. ಒಬ್ಬರಿಗಾಗಿ ಇನ್ನೊಬ್ಬರು ಅಂದರು. ಅತ್ತೆ ನಿಂತರು. "ಆತು ಬಿಡು. ಒಬ್ಬರಿಗೊಬ್ಬರು ಆಗ್ತಾರ ಇವರು."

ಆಮೇಲೆ ಏಳುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಅತ್ತೆ ಲೋಡುದಿಂಬು ತಂದು ಒರಗಿಸಿದರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಸಭೆ ಹತ್ತು ನಿಮಿಷ ದಾಟಿತು. ಎರಡೂವರೆ ಗಂಟೆ ನಡೆಯಿತು. ಕೋಲಿನವರು ಸೂರು ನೋಡುತ್ತಾ ಅಂದರು, "ತಟ್ಟೆಯ ಹಾಗೆಯೇ ಮಾಡಿದರೆ? ನನ್ನ ಕೀಲಿ ನೀವು ಇಟ್ಟುಕೊಳ್ಳಿ, ನಿಮ್ಮದು ನನಗೆ ಕೊಡಿ. ನನ್ನ ಗೇಟನ್ನು ನಾನು ತೆರೆಯುವುದಿಲ್ಲ, ನೀವು ತೆರೆಯುತ್ತೀರಿ." ಟೋಪಿಯವರು ಕಣ್ಣು ಮುಚ್ಚಿಕೊಂಡೇ ಅಂದರು, "ನಿಮ್ಮವರು ಕೇಳಿದರೆ ನೀವು ತೆರೆಯಲೇ ಇಲ್ಲ. ನಮ್ಮವರು ಕೇಳಿದರೆ ನಾನೂ ತೆರೆಯಲಿಲ್ಲ." ಕೊರಳಿನ ದಾರಗಳು ಬದಲಾದವು. ನಾನು ಒಪ್ಪಂದ ಬರೆದೆ, ಇಬ್ಬರೂ ಮಲಗಿಕೊಂಡೇ ಸಹಿ ಹಾಕಿದರು.

ಮಳೆಗೆ ಎಂಟು ದಿನ ಮೊದಲು ಸೇತುವೆ ತೆರೆಯಿತು. ಮೊದಲು ದಾಟಿದವಳು ತುಂಬು ಬಸುರಿ. ಯಾರನ್ನೂ ನೋಡದೆ ಸರಸರ ಆಸ್ಪತ್ರೆಗೆ ನಡೆದಳು. ಅಂದಿನ ಸಮಾರಂಭದಲ್ಲಿ ನನ್ನ ಮೇಲಧಿಕಾರಿ ಹುರುಪಿನಿಂದ ಘೋಷಿಸಿದ: "ಮುಂದಿನ ವರ್ಷದ ಸಭೆಯೂ ಹೈದರಾಬಾದಿನ ಅದೇ ಮನೆಯಲ್ಲಿ, ಅದೇ ತಾಯಿಯ ಆತಿಥ್ಯದಲ್ಲಿ!"

ಮುಖಂಡರಿಬ್ಬರೂ ಒಟ್ಟಿಗೇ ಎದ್ದು ನಿಂತರು. ಒಂದು ಮಾತು ಆಡಲು ಟೋಪಿಯವರನ್ನು ಕೋಲಿನವರೇ ಮುಂದೆ ತಳ್ಳಿದರು. ಟೋಪಿಯವರು ಎರಡೂ ದಂಡೆಗಳ ಪರವಾಗಿ ಹೇಳಿದರು:

"ಸಭೆ ಎಲ್ಲಾದರೂ ಇಡಿ. ನಡುಹೊಳೆಯಲ್ಲಿ ಇಟ್ಟರೂ ಬರುತ್ತೇವೆ. ಆ ತಾಯಿ ಮಾತ್ರ ಬಡಿಸಬಾರದು."