ನೂರಾ ಇಪ್ಪತ್ತೇಳು ಉಂಡಿ

ಬರ್ರಿ, ಕಾಲು ಮಡಚಿ ಕೂಡ್ರಿ, ಎಲಿ ಅಡಿಕಿ ಆಮ್ಯಾಲ ಹಾಕ್ಕೊಳ್ಳೂಣು. ಸಾಲಿ ಮೆಟ್ಟಲಾ ತುಳೀಲಿಲ್ಲ ನಾ, ಆದ್ರೂ ಲೆಕ್ಕ ಅನ್ನೂದು ಹುಡಕ್ಕೊಂಡು ಬಂದು ನನಗ ಗಂಟು ಬೀಳ್ತಿತ್ತು.

ಮಾಸ್ತರರ ಕೋಟಿ

ಆಗ ದಾಂಡೇಲಿಯಾಗಿದ್ವಿ. ಯಜಮಾನ್ರು ಕಾಗದದ ಮಿಲ್ಲಿನಾಗ ಪಾಳಿ ಕೆಲಸ. ಮುಂದಿನ ಖೋಲಿಯಾಗ ಬಾಡಿಗಿಗೆ ಒಬ್ಬ ಗಣಿತದ ಮಾಸ್ತರ. ಯಜಮಾನ್ರು ತಂದ ಹರಕ ಕಾಗದದ ಮ್ಯಾಲೆಲ್ಲಾ ಅವನ ಅಂಕಿನ ಅಂಕಿ.

"ಇದೇನ್ರಿ ಮಾಸ್ತರ?"

"ಅವ್ವಾರ, ಇದು ಇನ್ನೂರಾ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಎಂಬತ್ಮೂರು ಸಾವಿರದ ಆರನೂರಾ ನಲವತ್ತೇಳು. ಒಂದನ್ನ ಮೂವತ್ತೊಂದು ಸಲ ದುಪ್ಪಟ್ಟು ಮಾಡಿ ಒಂದು ತಗದ್ರ ಬರ್ತೈತಿ. ಹೆಂಗ ಸಾಲು ಹಚ್ಚಿದ್ರೂ ಸಮಾ ಕೂಡಂಗಿಲ್ಲ."

"ಅಯ್ಯ, ಅದಕ್ಯಾಕ ಕೋಟಿ? ಏಳು ಭಜಿ ಮಾಡಿ ನಾಕು ಹುಡುಗರ ಮುಂದ ಇಟ್ಟು ನೋಡ್ರಿ!"

ಬೀಗತಿಯ ಪದ್ಧತಿ

ನನ್ನ ಮಗಳಿಗೆ ಹಳಿಯಾಳದ ವರ ಬಂತು. ಹುಡುಗನ್ನ ಕಂಡು ಆಕಿ ಮಾರಿ ಅರಳಿತ್ತು. ಆದ್ರ ಹುಡುಗನ ತಾಯಿದೊಂದು ಪದ್ಧತಿ: ಹೆಣ್ಣಿನ ಮನಿಯವರು ಬುಂದೆ ಉಂಡಿ ಧೋತರದ ಮ್ಯಾಲ ಸಮಸಾಲು ಹಚ್ಚಬೇಕು. ಸಾಲಿಗೆ ಕೂಡದ ಒಂದು ಉಂಡಿ ಉಳಿದ್ರೂ ಸಂಬಂಧ ಇಲ್ಲ.

ಮಾಸ್ತರನ್ನ ಕೇಳಿದೆ. "ನೂರಾ ಇಪ್ಪತ್ತೆಂಟು ಕಟ್ರಿ ಅವ್ವಾರ. ಎರಡು, ನಾಕು, ಎಂಟು ಸಾಲು, ಹೆಂಗ ಹಚ್ಚಿದ್ರೂ ಕೂಡ್ತಾವು." ಕಟ್ಟಿದ ಮ್ಯಾಲ ತಾನ ಮೂರು ಸಲ ಎಣಿಸಿದ. ಒಂದು ತಿನ್ನು ಅಂದ್ರ, "ಲೆಕ್ಕ ಕೆಡ್ತೈತಿ" ಅಂದ. ಇಂಥಾವಗ ಯಾರು ಹೆಣ್ಣು ಕೊಡ್ತಾರೋ ಅಂತ ನನಗ ಅವನ ಚಿಂತಿನೂ ಹತ್ತಿತು.

ಒಂಟಿ ಉಂಡಿ

ಮಂದಿ ಕೂತ್ರು. ಎಂಟು ಸಾಲು ಹಚ್ಚಿದೆ, ಕಡೀ ಸಾಲಿಗೆ ಒಂದು ಕಡಿಮಿ. ಏಳು ಸಾಲು, ಒಂದು ಹೆಚ್ಚು. ಮೂರು ಹಚ್ಚಿದೆ, ಐದು ಹಚ್ಚಿದೆ, ಹನ್ನೊಂದೂ ಹಚ್ಚಿದೆ, ಸಮಾ ಆಗವಲ್ವು. ಮಗಳ ಕಣ್ಣಾಗ ನೀರು. ಬೀಗತಿ ಕೈಚೀಲ ತೊಗೊಂಡು ಎದ್ಲು.

ಮಾಸ್ತರ ಓಡಿ ಬಂದು ಎಣಿಸಿ ಕುಣದಾಡಿದ. "ನೂರಾ ಇಪ್ಪತ್ತೇಳು! ನನ್ನ ಕೋಟಿಯ ತಂಗಿ ಇದು! ಏಳು ಸಲ ದುಪ್ಪಟ್ಟು, ಒಂದು ಕಡಿಮಿ. ಹನ್ನೊಂದಕ್ಕೂ ಕೂಡಲಿಲ್ಲ ಅಂದ ಮ್ಯಾಲ ಮುಂದ ಹಚ್ಚೂದು ಬ್ಯಾಡ, ಯಾವ ಸಾಲಿಗೂ ಕೂಡಂಗಿಲ್ಲ. ಇದರಾಗ ಒಂದು ಯಾರೋ ತಿಂದಾರ!"

ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಬೀಗತಿಯ ಮ್ಯಾಲಿನ ತುಟಿಗೆ ಒಂದು ಬುಂದೆಕಾಳು ಅಂಟಿತ್ತು.

"ಏನ್ ನೋಡ್ತೀರಿ?" ಅಂದ್ಲು. "ರುಚಿ ನೋಡದ ಮಗನ್ನ ಕೊಡಾಕ ಆಗ್ತೈತೇನು?" ಮತ್ತೊಂದು ಉಂಡಿ ಎತ್ತಿ ಬಾಯಿಗೆ ಹಾಕ್ಕೊಂಡ್ಲು. "ಈಗ ಹಚ್ಚರಿ ಸಾಲು!"

ಏಳು ಸಾಲು, ಸಾಲಿಗೆ ಹದಿನೆಂಟು. ಎಲ್ಲಾ ಕೂತ್ವು.

ಮಗಳು ಹಳಿಯಾಳದಾಗ ಸುಖದಾಗ ಅದಾಳ, ಅತ್ತಿಯ ಪದ್ಧತಿ ಈಗ ಆಕೀನ ನಡಸ್ತಾಳ. ಮಾಸ್ತರಗ ಜೋಯಿಡಾಕ್ಕ ವರ್ಗ ಆತು, ಲಗ್ನಾನೂ ಆತು. ಮನಿಯಾಗ ಏಳು ರೊಟ್ಟಿ ಆದ್ರ, "ಇದು ಇಬ್ಬರಿಗೆ ಸಮಾ ಆಗಂಗಿಲ್ಲ" ಅಂತ ಉಳಿದದ್ದು ತಾನ ತಿಂತಾನಂತ. ಬೀಗತಿ ಇರೂತನಕ ನಮ್ಮ ಮನಿಗೆ ಬಂದಾಗೆಲ್ಲಾ ಎಲ್ಲಾರ ಎದುರಿಗೇ ಎರಡು ಉಂಡಿ ತಿಂತಿದ್ಲು. ನಾನೋ, ಆವತ್ತಿನಿಂದ ನೂರಾ ಮೂವತ್ತು ಕಟ್ಟಾಕತ್ತೀನಿ: ಎರಡು ಆಕಿ ಹೆಸರಿಗೆ, ಉಳಿದದ್ದು ಸಾಲಿಗೆ.