ಎರಡು ಗೀರಿನ ಅಡಕತ್ತರಿ

ಬೆಳ್ಳಾರೆಯ ಉದಯಶಂಕರನ ತೊಂದರೆಗೆ ಮೂಲ ಎರಡು ಗೀರುಗಳು. ಅವು ಒಂದು ಅಡಕತ್ತರಿಯ ಹಿಡಿಯ ಮೇಲೆ, ಪಕ್ಕಪಕ್ಕದಲ್ಲಿ, ಅಕ್ಕಿಕಾಳಿನಷ್ಟು ಉದ್ದವಿದ್ದವು. ಅವನು ಅವುಗಳ ಚಿತ್ರವನ್ನು ಹತ್ತಿರದಿಂದ ತೆಗೆದು ತನ್ನ ಆನ್‌ಲೈನ್ ಅಂಗಡಿಯಲ್ಲಿ ಇರಿಸಿ, ಕೆಳಗೆ ಹೀಗೆ ಬರೆದಿದ್ದನು: 'ಅಳಿದುಹೋದ ಅರಸುಮನೆತನವೊಂದರ ಲಾಂಛನ.'

ಅಂಗಡಿಗೆ ಅಂದು ಸರಿಯಾಗಿ ತೊಂಬತ್ತು ದಿನ. ಸರಕು ಇಪ್ಪತ್ತನಾಲ್ಕು: ಹದಿನೈದು ಅಡಕತ್ತರಿ, ಒಂಬತ್ತು ಹಳೆಯ ಕತ್ತಿ. ಮಾರಾಟ ಸೊನ್ನೆ. ಸರಕೆಲ್ಲ ಅಟ್ಟದ ಒಂದೇ ಗೋಣಿಯಲ್ಲಿ ಸಿಕ್ಕಿದ್ದು. ಅದನ್ನು ಅಲ್ಲಿಟ್ಟವರು ಅವನ ದೊಡ್ಡಪ್ಪ. ನಲವತ್ತು ವರ್ಷ ಊರಿನ ಮದುವೆ ಮುಂಜಿಗಳಿಗೆ ಅಡುಗೆ ಮಾಡಿ ತೀರಿಹೋದವರು. ಹೆಸರಾದ ದೊಡ್ಡ ಜಾಲತಾಣಗಳಲ್ಲಿ ಮಾರಬಾರದೇ ಎಂದು ಕೇಳಿದವರಿಗೆ ಉದಯಶಂಕರನ ಉತ್ತರ ಒಂದೇ. ಇನ್ನೊಬ್ಬರ ಜಗಲಿಯಲ್ಲಿ ತನ್ನ ಸರಕು ಹರಡುವವನು ತಾನಲ್ಲ.

ಹೆಂಡತಿ ಹೇಮಶ್ರೀ ಬೆಳಿಗ್ಗೆ ಕಾಫಿಯೊಡನೆ ಕೊನೆಯ ಗಡುವನ್ನೂ ತಂದಿಟ್ಟಳು. "ಇವತ್ತು ದೀಪ ಹಚ್ಚುವುದರ ಒಳಗೆ ಒಂದಾದ್ರೂ ಮಾರಿ ಹೋಗ್ಬೇಕು. ಇಲ್ಲದಿದ್ರೆ ನಾಳೆಯಿಂದ ನಿಮ್ಮ ಸರಕಿನ ಕಪಾಟು ಇರುವ ಮುಂದಿನ ಕೋಣೆ ನನ್ನ ಹೊಲಿಗೆ ಮಿಷನಿಗೆ."

ಉದಯಶಂಕರ ಪ್ರಚಾರಕ್ಕೆ ಇಳಿದನು. ಇಪ್ಪತ್ತನಾಲ್ಕು ಚಿತ್ರಗಳನ್ನೂ ನೆರೆಕರೆಯವರ ವಾಟ್ಸಾಪ್ ಗುಂಪಿಗೆ ಹಾಕಿದನು. ಪಕ್ಕದ ಮನೆಯ ಹಂಝ ತನ್ನ ಆಟೋದ ಹಿಂದೆ ಅಂಗಡಿಯ ಭಿತ್ತಿಪತ್ರ ಅಂಟಿಸಿಕೊಂಡು ಪುತ್ತೂರಿಗೆ ಹೊರಟನು.

ಎಂಟೂವರೆಗೆ ಮೊದಲನೆಯವನಾಗಿ ಬಂದವನು ಹಿರಿಯ ಕೃಷಿಕ ಕುಕ್ಕಪ್ಪ. ಅವನು ಕೊಳ್ಳಲು ಬಂದಿರಲಿಲ್ಲ.

"ಅರಸುಮನೆತನ ಅಲ್ಲ ಮಾರಾಯ, ಅದು ನಮ್ಮ ಮನೆ," ಎಂದನು ಕುಕ್ಕಪ್ಪ. "ಗೀರು ಹಾಕಿದ್ದು ನನ್ನಪ್ಪ."

ವಿಷಯ ಸರಳವಾಗಿತ್ತು. ಒಂದು ಮನೆಯಲ್ಲಿ ಸಮಾರಂಭವೆಂದರೆ ಹಿಂದಿನ ದಿನ ನೆರೆಯವರೆಲ್ಲ ತಮ್ಮ ತಮ್ಮ ಕತ್ತಿ, ಅಡಕತ್ತರಿಗಳನ್ನು ಹಿಡಿದು ತರಕಾರಿ ಕೊರೆಯಲು, ಅಡಿಕೆ ತುಂಡರಿಸಲು ಬರುತ್ತಾರೆ. ಬೆರಕೆಯಾಗದಿರಲೆಂದು ಪ್ರತಿ ಮನೆಗೂ ಒಂದು ಗುರುತು. ಮರೆತುಹೋದವುಗಳನ್ನು ದೊಡ್ಡಪ್ಪ ಗೋಣಿಗೆ ಹಾಕಿ, ಕೇಳಿಕೊಂಡು ಬರುವವರಿಗಾಗಿ ಕಾದಿದ್ದರು. ಉದಯಶಂಕರನು ಪ್ರಾಚೀನತೆಗೆ ಸಾಕ್ಷಿಯೆಂದು ಆ ಗುರುತುಗಳನ್ನೇ ದೊಡ್ಡದು ಮಾಡಿ ಊರಿಗೆಲ್ಲ ತೋರಿಸಿದ್ದನು.

ಅವನು ಬಗ್ಗಲಿಲ್ಲ. ಇದು ಅಂಗಡಿ, ಬೇಕಾದವರು ಆರ್ಡರ್ ಮಾಡಬೇಕು ಎಂದನು. ಕುಕ್ಕಪ್ಪ ಜಗಲಿಯಲ್ಲಿ ಕುಳಿತು, ನೀರು ಬೆಲ್ಲ ಮುಗಿಸಿ, ಮೆಲ್ಲಗೆ ಕೇಳಿದನು.

"ಆದಿತ್ಯವಾರ ನಿನ್ನ ಮಗಳು ಸುರಕ್ಷಾಳ ನಿಶ್ಚಿತಾರ್ಥ ಅಲ್ವಾ? ಶನಿವಾರ ನಾವೆಲ್ಲ ಬರುದುಂಟು. ತರಕಾರಿ, ಅಡಿಕೆ ಎಲ್ಲ ಎಂತದರಲ್ಲಿ ಕೊರೆಯುದು, ಹಲ್ಲಿನಲ್ಲಾ?"

ಉದಯಶಂಕರ ಲೆಕ್ಕ ಹಾಕಿದನು. ಇನ್ನೂರ ಐವತ್ತು ಎಲೆಯ ಊಟ. ಎಲೆಗೆ ಕಾಲು ಕಿಲೋ ತರಕಾರಿ ಎಂದರೂ ಅರುವತ್ತೆರಡೂವರೆ ಕಿಲೋ. ಕೊರೆಯಲು ತಾನೊಬ್ಬನೇ. ಅಡಕತ್ತರಿಯನ್ನು ಎತ್ತಿಕೊಟ್ಟನು. ಆದರೆ ಅಂಗಡಿಯ ಮರ್ಯಾದೆ ಬಿಡಲಿಲ್ಲ: ಪಡೆದವರು ಜಾಲತಾಣದಲ್ಲಿ ಐದು ನಕ್ಷತ್ರ ಒತ್ತಿಯೇ ಹೋಗತಕ್ಕದ್ದು ಎಂದು ವಿಧಿಸಿದನು. ಕುಕ್ಕಪ್ಪ ಕನ್ನಡಕ ತರಿಸಿಕೊಂಡು ಒತ್ತಿದನು.

ಹಿಂದೆಯೇ ಪೂವಮ್ಮ ಬಂದಳು. "ಯುದ್ಧದ ಆಯುಧ ಅಂತ ಬರೆದಿದ್ದೀಯಲ್ಲ ಮಗಾ, ಅದು ನಾನು ಸುವರ್ಣಗೆಡ್ಡೆ ಕೊರೆಯುವ ಕತ್ತಿ," ಎಂದು ಹಿಡಿಗೆ ಕಟ್ಟಿದ್ದ ಕೆಂಪು ನೂಲನ್ನು ತೋರಿಸಿದಳು. ಮಧ್ಯಾಹ್ನದ ಹೊತ್ತಿಗೆ ಅಂಗಳವು ಪಡಿತರದಂಗಡಿಯ ಎದುರಿನಂತೆ ತುಂಬಿತು. ಪೋಸ್ಟರು ಓದಿದ ಪುತ್ತೂರಿನ ಇಬ್ಬರನ್ನು ಹಂಝನೇ ತನ್ನ ಆಟೋದಲ್ಲಿ ಕರೆತಂದನು. ಅವರ ಕತ್ತಿಗಳೂ ಅಲ್ಲಿದ್ದವು.

ಸಂಜೆ ಐದಕ್ಕೆ ಹೋದವು ಇಪ್ಪತ್ತಮೂರು, ಬಂದ ನಕ್ಷತ್ರ ನೂರ ಹದಿನೈದು. ಮಾರಾಟ ಸೊನ್ನೆ.

ಉಳಿದದ್ದು ಗಿಳಿಮೂತಿಯ ಪುಟ್ಟ ಹಿತ್ತಾಳೆ ಅಡಕತ್ತರಿ ಒಂದೇ. ಅದರಲ್ಲಿ ಗೀರಿಲ್ಲ, ನೂಲಿಲ್ಲ. ಕೇಳಿ ಬಂದವರೂ ಇಲ್ಲ. ಒಂದೇ ಹಲ್ಲು ಉಳಿದ ಬಾಯಿಯಂತಿದ್ದ ಕಪಾಟಿನ ಮುಂದೆ ಉದಯಶಂಕರ ಬೆನ್ನು ನೆಟ್ಟಗೆ ಮಾಡಿ ಕುಳಿತನು. ಅಂಗಡಿ ಮುಚ್ಚುವವನು ತಾನಲ್ಲ.

ಆರು ಗಂಟೆ ಹತ್ತು ನಿಮಿಷಕ್ಕೆ ಮೊಬೈಲ್ ಸದ್ದು ಮಾಡಿತು. ಆರ್ಡರ್. ಪೂರ್ತಿ ಹಣವೂ ಸಂದಾಯವಾಗಿತ್ತು. ಅವನು ಎದ್ದು ಒಳಗಿನವರಿಗೆ ಕೇಳುವಂತೆ, ಕೋಣೆ ತನ್ನದೇ ಎಂದು ಸಾರಿದನು.

ಹೇಮಶ್ರೀ ಬೆಂಕಿಪೊಟ್ಟಣ ಹಿಡಿದೇ ಹೊರಗೆ ಬಂದು ಇನ್ನೊಂದು ಕೈ ಚಾಚಿದಳು. "ಪ್ಯಾಕ್ ಮಾಡುದು ಬೇಡ. ಹೀಗೇ ಕೊಡಿ."

ಅದು ಪೆರಾಬೆ ಊರಿನ ಅವಳ ಅಜ್ಜಿಯದು. ಇವರ ಮದುವೆಯ ದಿನ ಎಲೆಯಡಿಕೆ ತಟ್ಟೆಯಿಂದ ಕಾಣೆಯಾದದ್ದು.

"ಎಲ್ಲರ ಹಾಗೆ ಸುಮ್ಮನೆ ಕೇಳಬಹುದಿತ್ತಲ್ಲ?" ಎಂದನು ಉದಯಶಂಕರ.

"ಸುಮ್ಮನೆ ತಗೊಂಡ್ರೆ ಐದು ನಕ್ಷತ್ರ ಒತ್ತಬೇಕಲ್ಲ. ಅಷ್ಟು ಕೊಡುವ ಅಂಗಡಿ ಅಲ್ಲ ಇದು." ಅವಳು ದೀಪ ಹಚ್ಚಿದಳು. "ಕೋಣೆ ನೀವೇ ಇಟ್ಟುಕೊಳ್ಳಿ. ಒಳಗೆ ಎಂತ ಇಡ್ತೀರಿ ಅಂತ ನೋಡುವ."

ಇಪ್ಪತ್ತನಾಲ್ಕರಲ್ಲಿ ಇಪ್ಪತ್ತಮೂರು ಕಳೆದು, ಮತ್ತೊಂದು ಕಳೆದರೆ ಉಳಿಯುವುದು ಎಷ್ಟೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಸೋಲಲು ಮನಸ್ಸು ಒಪ್ಪಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಖಾಲಿ ಗೋಣಿಯನ್ನು ಕೊಡವಿ, ಗೋಡೆಗೆ ತೂಗಹಾಕಿ, ನೀಲಿ ಮಸಿಯ ಮುದ್ರೆ ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆದು ಅಂಗಡಿಗೇರಿಸಿದನು: 'ಪುರಾತನ ವ್ಯಾಪಾರಮುದ್ರೆಯುಳ್ಳ ಅಪೂರ್ವ ಗೋಣಿ. ಒಂದೇ ಒಂದು.'

ಮೂರು ನಿಮಿಷದಲ್ಲಿ ಹಂಝನ ಸಂದೇಶ ಬಂದಿತು.

"ಶಂಕರಣ್ಣ, ಆ ಮುದ್ರೆ ನನ್ನ ಅಪ್ಪನ ಕೊಬ್ಬರಿ ಅಂಗಡಿದ್ದು. ಕಳಿಸುದು ಬೇಡ, ನಾನೇ ಬರ್ತಾ ಇದ್ದೇನೆ. ನಕ್ಷತ್ರ ಐದೂ ಒತ್ತಿ ಆಯ್ತು."