ಜಗಲಿ ಶಾಲೆಗೆ ಕಲೆಕ್ಟರ ರಜೆ

ಜೀವಮಾನದಲ್ಲಿ ನಾನು ಎಷ್ಟು ಜನರನ್ನು ಮಂಗ ಮಾಡಿದ್ದೇನೆ ಅಂತ ಲೆಕ್ಕ ಇಡ್ಲಿಲ್ಲ. ಇಟ್ಟಿದ್ರೆ ಅದು ನಮ್ಮ ಪುತ್ತಿಗೆ ಪಂಚಾಯತಿನ ವೋಟರ್ ಲಿಸ್ಟಿಗಿಂತ ಉದ್ದ ಆಗ್ತಿತ್ತು. ಮೈಕ್ ಗೋಪಾಲಣ್ಣ ಅಂದ್ರೆ ಕುಂಬಳೆಯಿಂದ ಅಡೂರಿನವರೆಗೆ ಯಾರನ್ನು ಬೇಕಾದ್ರೂ ಕೇಳಿ, ಮೊದ್ಲು ನಗ್ತಾರೆ, ಆಮೇಲೆ ಬೈತಾರೆ. ಒಂದು ಇಲೆಕ್ಷನಿನಲ್ಲಿ ಬೆಳಿಗ್ಗೆ ಒಂದು ಪಕ್ಷದ ಜೀಪಿನಲ್ಲಿ ಕನ್ನಡದಲ್ಲಿ ವೋಟು ಕೇಳಿ, ಮಧ್ಯಾಹ್ನ ಗಂಜಿ ಉಂಡು, ಎದುರು ಪಕ್ಷದ ಜೀಪಿನಲ್ಲಿ ತುಳುವಿನಲ್ಲಿ ವೋಟು ಕೇಳಿದವ ನಾನು. ಎರಡು ಪಕ್ಷದವರೂ ಬಂದು ‘ನಿಮ್ಮ ಗಂಟಲಿನಿಂದಲೇ ನಮ್ಗೆ ಇಷ್ಟು ವೋಟು ಬಿದ್ದದ್ದು’ ಅಂತ ಕೈ ಮುಗಿದಿದ್ದಾರೆ. ಸೋತವರು ಕೂಡಾ. ಅಂಥ ನಾನು ಈ ಅರುವತ್ತೆರಡನೇ ಪ್ರಾಯದಲ್ಲಿ, ಒಬ್ಬಳೇ ಒಬ್ಬಳು ವಿದ್ಯಾರ್ಥಿನಿ ಇರುವ ಶಾಲೆಗೆ ಹೆಡ್‌ಮಾಷ್ಟ್ರಾಗಿ ಹೇಗೆ ಲಗಾಡಿ ಹೋದೆ ಅಂತ ನಿಮ್ಮತ್ರ ಮಾತ್ರ ಹೇಳ್ತೇನೆ. ಬೇರೆಯವರಿಗೆ ಹೇಳ್ಬೇಡಿ.

ವಿದ್ಯಾರ್ಥಿನಿ ಅಂದ್ರೆ ನನ್ನ ಮಗಳು, ಅನಘ. ಹತ್ತನೇ ಕ್ಲಾಸಿನ ಪ್ರಾಯ. ಅರುವತ್ತೆರಡಕ್ಕೆ ಇಷ್ಟು ಸಣ್ಣ ಮಗಳಾ ಅಂತ ಕೇಳ್ಬೇಡಿ. ಊರವರ ಮದುವೆಗೆಲ್ಲ ಮೈಕ್ ಕಟ್ಟಿ ಕಟ್ಟಿ ನನ್ನದೇ ಮದುವೆ ಮರೆತು ಹೋಗಿತ್ತು. ಅವಳು ಎಂಟನೇ ಕ್ಲಾಸಿನವರೆಗೆ ಗಣಿತದಲ್ಲಿ ಮುಂದೆ. ಒಂಬತ್ತರಲ್ಲಿ ಅವಳ ಕನ್ನಡ ಮೀಡಿಯಂ ಶಾಲೆಗೆ ಹೊಸ ಗಣಿತ ಮಾಷ್ಟ್ರು ಬಂದ್ರು. ಬಿಜು ಮಾಷ್ ಅಂತ, ತೆಂಕಣ ಜಿಲ್ಲೆಯವರು, ಮನೆಮಾತು ಮಲಯಾಳ. ಬಹಳ ಒಳ್ಳೆಯ ಮನುಷ್ಯ, ಗಣಿತವೂ ಭರ್ತಿ ಗೊತ್ತುಂಟು. ಆದ್ರೆ ಕನ್ನಡದಲ್ಲಿ ‘ಕುಳಿತುಕೊಳ್ಳಿ’ ಬಿಟ್ರೆ ಮತ್ತೊಂದು ಶಬ್ದ ಇಲ್ಲ. ಅವರು ಬೋರ್ಡಿಗೆ ಬರೆಯುವುದು, ಮಲಯಾಳದಲ್ಲಿ ಹೇಳುವುದು, ಮಕ್ಕಳು ತಲೆ ಅಲ್ಲಾಡಿಸುವುದು. ಮಕ್ಕಳು ತಲೆ ಅಲ್ಲಾಡಿಸಿದ್ರು ಅಂತ ಅವರಿಗೆ ಸಂತೋಷ. ಪರೀಕ್ಷೆ ಬಂದಾಗ ಎರಡು ಕಡೆಯವರೂ ಒಬ್ಬರ ಮುಖ ಒಬ್ಬರು ನೋಡುವುದು. ಒಂದು ದಿನ ಇವಳು ಶಾಲೆಯಿಂದ ಬಂದು ಬ್ಯಾಗು ಬಿಸಾಡಿ ಹೇಳಿದ್ಳು, “ಅಪ್ಪಾ, ಅರ್ಥ ಆಗದೆ ತಲೆ ಅಲ್ಲಾಡಿಸಿ ನನ್ನ ಕುತ್ತಿಗೆ ನೋವು. ಪಾಪ ಮಾಷಿಗೂ ಬೇಜಾರು, ನನಗೂ ಬೇಜಾರು. ನಾನಿನ್ನು ಹೋಗುದಿಲ್ಲ.”

ಹತ್ತನೆಯದ್ದನ್ನು ಮನೆಯಲ್ಲೇ ಓದಿ ಖಾಸಗಿಯಾಗಿ ಬರೆಯಲಿಕ್ಕೆ ಆಗ್ತದೆ ಅಂತ ಯಾರೋ ಹೇಳಿದ್ರು. ನಾನು ಎದೆ ತಟ್ಟಿಕೊಂಡೆ. “ಅದಕ್ಕೆಂತ? ನಾನಿಲ್ವಾ? ಪ್ರಿ ಡಿಗ್ರಿಯಲ್ಲಿ ಗಣಿತ ಕಲಿತವ ನಾನು!” ಪ್ರಿ ಡಿಗ್ರಿ ಪಾಸಾಗಿದ್ದೇನಾ ಅಂತ ಅವತ್ತು ಯಾರೂ ಕೇಳ್ಲಿಲ್ಲ. ನೀವೂ ಕೇಳ್ಬೇಡಿ. ನನ್ನ ಹೆಂಡತಿ ವಾರಿಜ ಕೋಆಪರೇಟಿವ್ ಬ್ಯಾಂಕಿನವಳು, ಅಡವು ಇಲ್ಲದೆ ಸಾಲ ಕೊಡುವ ಜಾತಿ ಅಲ್ಲ. “ಓಣಂ ಹಬ್ಬದ ಮೊದಲಿನ ಪರೀಕ್ಷೆಯ ಸಮಯದವರೆಗೆ ನೋಡುವಾ. ಆವಾಗ ನಿಮ್ಮ ಅಕ್ಕ ಬಂದು ಇವಳಿಗೆ ಗಣಿತದ ಪರೀಕ್ಷೆ ಮಾಡ್ಲಿ. ಫೇಲಾದ್ರೆ ಮಾರನೇ ದಿನವೇ ವಾಪಸು ಶಾಲೆಗೆ. ಒಪ್ಪಿಗೆಯಾ?” ಅಂದ್ಳು. ಅಕ್ಕ ಅಂದ್ರೆ ಅಡೂರಿನ ಸರೋಜಕ್ಕ, ರಿಟಾಯರ್ಡ್ ಗಣಿತ ಟೀಚರು. ಅವಳ ಕೈಯಿಂದ ಅರ್ಧ ಮಾರ್ಕು ಹೆಚ್ಚು ಗಿಟ್ಟಿಸಿದವ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಲಿಲ್ಲ. ಮಗಳ ಮುಖ ಸಣ್ಣದಾಯ್ತು. ನಾನು ಮಾತ್ರ “ಒಪ್ಪಿಗೆ! ನೂರಕ್ಕೆ ನೂರು ತೆಗೆಸ್ತೇನೆ, ಬರೆದಿಟ್ಟುಕೋ” ಅಂದೆ. ಮಾತಿಗೆಂತ ಖರ್ಚುಂಟಾ?

ಹಾಗೆ ಜೂನಿನಲ್ಲಿ ನಮ್ಮ ಜಗಲಿಯಲ್ಲಿ ಶಾಲೆ ಸುರುವಾಯ್ತು. ಸುಮ್ಮನೆ ಅಲ್ಲ, ಗಮ್ಮತ್ತಿನಲ್ಲಿ. ಅಟ್ಟದಲ್ಲಿದ್ದ ಹಳೇ ಎಂಪ್ಲಿಫೈಯರ್ ಇಳಿಸಿ, ಮೈಕ್ ಕಟ್ಟಿ, “ಹಲೋ, ಮೈಕ್ ಟೆಸ್ಟಿಂಗ್, ಅಸೆಂಬ್ಲಿ ಸುರುವಾಗ್ತಾ ಉಂಟು, ವಿದ್ಯಾರ್ಥಿಗಳೆಲ್ಲ ಸಾಲಾಗಿ ನಿಲ್ಬೇಕು” ಅಂತ ಕರೆದೆ. ಅನಘ ದೋಸೆ ತಿನ್ನುತ್ತಾ ಸಾಲಾಗಿ ನಿಂತಳು. ಪಕ್ಕದ ಮನೆಯ ಅಬ್ಬಾಸಾಕ ಗೇಟಿನ ಹತ್ರ ಬಂದು “ಎಂತ ಗೋಪಾಲಣ್ಣ, ಪುನಃ ಇಲೆಕ್ಷನಾ?” ಅಂತ ಕೇಳಿ ಹೋದ್ರು.

ಎರಡು ದಿನ ಚಂದ ಹೋಯ್ತು. ಮೂರನೇ ದಿನ ಮಳೆ ಧೋ ಅಂತ ಹೊಡೀಲಿಕ್ಕೆ ಸುರು. ನಾನು ಬೆಳಿಗ್ಗೆ ಮೈಕ್ ಹಿಡ್ಕೊಂಡು ನಿಂತರೆ ಹುಡುಗಿ ಕಂಬಳಿಯೊಳಗಿನಿಂದ ಮೊಬೈಲು ಹೊರಗೆ ಚಾಚಿದಳು. “ನೋಡಿ ಅಪ್ಪಾ. ರೆಡ್ ಅಲರ್ಟ್. ಅಂಗನವಾಡಿ, ಮದ್ರಸ, ಟ್ಯೂಷನ್ ಸೆಂಟರು ಸಹಿತ ಜಿಲ್ಲೆಯ ಎಲ್ಲ ವಿದ್ಯಾಸಂಸ್ಥೆಗಳಿಗೂ ಕಲೆಕ್ಟರು ರಜೆ ಕೊಟ್ಟಿದ್ದಾರೆ.”

“ಅದು ಶಾಲೆಯ ಮಕ್ಕಳಿಗೆ ಮಾರಾಯ್ತಿ! ಅವರು ತೋಡು ದಾಟಿ ಬರ್ಬೇಕು. ನೀನು ದಾಟಬೇಕಾದ್ದು ಈ ಹೊಸ್ತಿಲು.”

“ಹೊಸ್ತಿಲು ಜಾರ್ತದೆ ಅಪ್ಪಾ.”

“ಜಾರಿದ್ರೆ ನಾನು ಹಿಡ್ಕೊಳ್ತೇನೆ, ಬಾ.”

“ಹೋಗ್ಲಿ, ಒಂದೇ ಪ್ರಶ್ನೆ. ನಮ್ಮದು ವಿದ್ಯಾಸಂಸ್ಥೆ ಹೌದಾ, ಅಲ್ವಾ?”

ನೋಡಿ ಹೇಗೆ ಕಟ್ಟಿ ಹಾಕಿದಳು! ಅಲ್ಲ ಅಂದ್ರೆ ನನ್ನ ಹೆಡ್‌ಮಾಷ್ಟ್ರ ಪೋಸ್ಟು ಹೋಗ್ತದೆ. ಹೌದು ಅಂದ್ರೆ ರಜೆ. ನಾನು ಪೋಸ್ಟು ಉಳಿಸಿಕೊಂಡೆ. ಅವಳು ಪುಸ್ತಕದ ಬ್ಯಾಗು, ಕಂಬಳಿ, ಎರಡು ಬಾಳೆಹಣ್ಣು ಹಿಡ್ಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬ್ಯಾಗು ತಲೆದಿಂಬಿಗೆ ಅಂತ ನಾನು ಗ್ರಹಿಸಿದೆ.

ಆ ವರ್ಷದ ಮಳೆಯನ್ನು ನೀವು ಕಾಣ್ಬೇಕಿತ್ತು! ವಾರದಲ್ಲಿ ಎರಡು ದಿನ ಆದ್ರೂ ಕಲೆಕ್ಟರ ರಜೆ. ಈ ಹುಡುಗಿ ರಾತ್ರಿ ಊಟ ಆದ ಕೂಡ್ಲೇ ಮೊಬೈಲು ನೋಡುವುದು, ಆಕಾಶ ನೋಡುವುದು. ಓರೆಂಜ್ ಅಲರ್ಟ್ ಅಂದ್ರೆ ಮುಖ ಅರಳ್ತದೆ, ಯೆಲ್ಲೋ ಅಂದ್ರೆ ಬಾಡ್ತದೆ. ನನಗೆ ಒಳಗಿಂದೊಳಗೆ ಮಂಡೆಬಿಸಿ. ಪೋರ್ಷನ್ ಮುಗಿಯುದಿಲ್ಲ, ಸರೋಜಕ್ಕ ಬರ್ತಾಳೆ, ಹುಡುಗಿ ಫೇಲಾದ್ರೆ ಪುನಃ ಆ ಬೆಂಚಿನಲ್ಲಿ ಕೂತು ತಲೆ ಅಲ್ಲಾಡಿಸ್ಬೇಕು. ಮತ್ತೆ, ನಿಜ ಹೇಳ್ತೇನೆ, ಅವಳು ಶಾಲೆಗೆ ಹೋದ್ರೆ ಇಡೀ ಹಗಲು ನನ್ನ ಮಾತು ಕೇಳ್ಲಿಕ್ಕೆ ಈ ಮನೆಯಲ್ಲಿ ಬೆಕ್ಕು ಬಿಟ್ರೆ ಯಾರುಂಟು?

ಪಾಠ ಇದ್ದ ದಿನ ಮಾತ್ರ ನಾನು ಸ್ವಲ್ಪವೂ ಕಡಿಮೆ ಮಾಡ್ಲಿಲ್ಲ. ಸಮಾಂತರ ಶ್ರೇಢಿ ಹೇಗೆ ಹೇಳಿಕೊಟ್ಟೆ ಗೊತ್ತುಂಟಾ? ಪೆರ್ಲದ ಒಂದು ಮದುವೆಗೆ ಮಾರ್ಗದ ಬದಿಯಲ್ಲಿ ಸಮ ಸಮ ದೂರದಲ್ಲಿ ಟ್ಯೂಬ್‌ಲೈಟು ಕಟ್ಟಿದ ಉದಾಹರಣೆ ತೆಗೆದುಕೊಂಡೆ. ಅಲ್ಲಿಂದ ಆ ಮದುವೆಯಲ್ಲಿ ಮದುಮಗನ ಮಾವ ನನ್ನತ್ರ ಜಗಳಕ್ಕೆ ಬಂದದ್ದು, ನಾನು ಮೈಕಿನಲ್ಲಿ ‘ಮದುಮಗನ ಮಾವನವರು ಎಲ್ಲಿದ್ದರೂ ಕೂಡಲೇ ಪಾಯಸದ ಪಾತ್ರೆಯ ಬಳಿ ಬರಬೇಕು’ ಅಂತ ಐದೈದು ನಿಮಿಷಕ್ಕೆ ಕೂಗಿ ಅವರನ್ನು ಇಡೀ ದಿನ ಓಡಿಸಿದ್ದು, ಹಾಗೇ ಆ ಪಾಯಸದ ರುಚಿ, ಆ ಅಡಿಗೆಯವರ ಊರು... ಬೆಲ್ ಹೊಡೆಯುವಾಗ ಪೆರ್ಲದಿಂದ ಪುತ್ತೂರಿಗೆ ಮುಟ್ಟಿದ್ದೆವು. ಹುಡುಗಿ ನಕ್ಕು ನಕ್ಕು ಹೊಟ್ಟೆ ಹಿಡ್ಕೊಂಡಳು. ಇಂಥ ಪಾಠ ಎಲ್ಲಿ ಸಿಗ್ತದೆ ಹೇಳಿ! ಟ್ಯೂಬ್‌ಲೈಟು ಎಷ್ಟು ಅಂತ ಮಾತ್ರ ಕೊನೆಗೂ ಲೆಕ್ಕ ಮಾಡ್ಲಿಕ್ಕೆ ಆಗ್ಲಿಲ್ಲ.

ಸರೋಜಕ್ಕ ಬರ್ಲಿಕ್ಕೆ ಒಂದು ವಾರ ಇರುವಾಗ ಒಂದು ರಾತ್ರಿ ಗಾಳಿಗೆ ಕರೆಂಟಿನ ಕಂಬ ಬಿತ್ತು. ಕರೆಂಟಿಲ್ಲ, ನೆಟ್ ಇಲ್ಲ, ಅನಘನ ಮೊಬೈಲು ಸತ್ತು ಬಿದ್ದಿತ್ತು. ಬೆಳಿಗ್ಗೆ ವಾರಿಜ ಬ್ಯಾಂಕಿಗೆ ಹೋದ ಮೇಲೆ ಅಬ್ಬಾಸಾಕ ಕೊಡೆ ಹಿಡ್ಕೊಂಡು ಬಂದು ಗೇಟಿನಲ್ಲೇ ಹೇಳಿದ್ರು, “ಇವತ್ತು ಕಲೆಕ್ಟರ ರಜೆಯಂತೆ, ಕಾರಿನ ರೇಡಿಯೋದಲ್ಲಿ ಬಂತು. ಮೊಮ್ಮಕ್ಕಳ ಬೊಬ್ಬೆಗೆ ಮನೆಯಲ್ಲಿ ನಿಲ್ಲಿಕ್ಕೆ ಎಡೆ ಇಲ್ಲ.” ನನ್ನ ಒಳಗಿದ್ದ ಹಳೇ ಮೈಕ್ ಗೋಪಾಲ ಎದ್ದು ಕೂತ. ಇವಳಿಗೆ ಗೊತ್ತಾಗುವ ದಾರಿಯೇ ಇಲ್ಲ! ಅಬ್ಬಾಸಾಕನನ್ನು ಅಲ್ಲಿಂದಲೇ ಸಾಗಹಾಕಿ, ಮೈಕಿಲ್ಲದಿದ್ದರೂ ಗಂಟಲಿನಲ್ಲೇ ಅಸೆಂಬ್ಲಿ ಕರೆದೆ.

“ಇಷ್ಟು ಮಳೆಗೆ ರಜೆ ಇಲ್ವಾ ಅಪ್ಪಾ?”

“ಯೆಲ್ಲೋ. ಬರೀ ಯೆಲ್ಲೋ.”

“ಹಾಗಾದ್ರೆ ಅಬ್ಬಾಸಾಕನ ಮನೆಯಲ್ಲಿ ಮಕ್ಕಳ ಬೊಬ್ಬೆ ಎಂತದು?”

“ಅವರಿಗೆ ಜ್ವರ.”

“ಮೂವರಿಗೂ?”

“ಮೂವರಿಗೂ. ಕೆಟ್ಟ ಗಾಳಿ. ಕೂತುಕೋ, ಇವತ್ತು ವೃತ್ತ.”

ಬೆಳಿಗ್ಗೆಯಿಂದ ಸಂಜೆಯವರೆಗೆ ವೃತ್ತ ಮಾಡಿದೆ ಮಾರಾಯ್ರೆ. ಸ್ಪೀಕರಿನ ಬಾಯಿಯ ವೃತ್ತದಿಂದ ಸುರುವಾಗಿ, ಹಪ್ಪಳ, ಜೀಪಿನ ಟಯರು, ಆ ಟಯರು ಬದಿಯಡ್ಕದಲ್ಲಿ ಪಂಕ್ಚರಾದದ್ದು, ಎಲ್ಲ. ನಡುವೆ ಎರಡು ಸಲ ಅವಳು “ಅಪ್ಪಾ, ಜ್ಯಾ ಎಳೆದ ಮೇಲೆ ಎಂತ ಮಾಡುವುದು?” ಅಂತ ಕೇಳಿದ್ಳು. ಎರಡು ಸಲವೂ ನಾನು ಬದಿಯಡ್ಕದಲ್ಲಿದ್ದೆ.

ಸಂಜೆ ವಾರಿಜ ಒದ್ದೆ ಸೀರೆಯಲ್ಲಿ ಒಳಗೆ ಬಂದವಳೇ, “ಅಬ್ಬಾ, ಶಾಲೆಗಳಿಗೆಲ್ಲ ರಜೆ ಇದ್ದದ್ದಕ್ಕೆ ಬಸ್ಸಿನಲ್ಲಿ ಸೀಟಾದ್ರೂ ಸಿಕ್ತು” ಅಂದ್ಳು.

ನಾನು ಜೋರಾಗಿ ನಕ್ಕೆ. ಮಗಳೂ ನಗ್ತಾಳೆ ಅಂತ ನೋಡಿದ್ರೆ ಹುಡುಗಿಯ ಕಣ್ಣಿನಲ್ಲಿ ನೀರು. “ಅಪ್ಪಾ, ನೀವು ನನ್ನ ರಜೆ ಕದ್ರಲ್ಲ!”

“ಒಂದು ದಿನ ಮಲಗದಿದ್ರೆ ಎಂತ ಮುಳುಗಿ ಹೋಗ್ತದೆ?”

“ಮಲಗುದಾ? ರಜೆ ಇದ್ದರೆ ಅಲ್ವಾ ನಾನು ಓದುವುದು! ಪಾಠ ಇದ್ದ ದಿನ ಓದ್ಲಿಕ್ಕೆ ಎಲ್ಲಿ ಬಿಡ್ತೀರಿ ನೀವು? ಪುಸ್ತಕದಲ್ಲಿ ಎಲ್ಲ ಚಂದಕ್ಕೆ ಉಂಟು, ಕನ್ನಡದಲ್ಲೇ ಉಂಟು. ಎರಡೆರಡು ಸಲ ಓದಿ, ಲೆಕ್ಕ ಮಾಡಿ ನೋಡಿದ್ರೆ ಗೊತ್ತಾಗ್ತದೆ. ಇವತ್ತು ವೃತ್ತ ಮುಗಿಸ್ಬೇಕು ಅಂತ ಇದ್ದೆ. ಸರೋಜತ್ತೆ ಬಂದು ನಾನು ಫೇಲಾದ್ರೆ ಆ ಕ್ಲಾಸಿಗೆ ವಾಪಸು ಹೋಗುವುದು ಯಾರು, ನೀವಾ?”

ವಾರಿಜ ಸೀರೆ ಹಿಂಡುತ್ತಾ ನನ್ನನ್ನು ನೋಡಿದ್ಳು. ಸಾಲ ಕೇಳ್ಲಿಕ್ಕೆ ಬಂದವನನ್ನು ನೋಡುವ ಹಾಗೆ. ನಾನು ಬೆಕ್ಕಿಗೆ ಹಾಲು ಹಾಕ್ಲಿಕ್ಕೆ ಅಂತ ಎದ್ದು ಹೋದೆ.

ಆ ಒಂದು ವಾರ ನಾನು ಬಾಯಿ ಮುಚ್ಚಿ ಕೂತೆ. ಸುಲಭ ಅಂತ ಗ್ರಹಿಸ್ಬೇಡಿ. ಬಾಕಿ ಪಾಠಗಳನ್ನೆಲ್ಲ ಮುಗಿಸುವಾಗ ಹುಡುಗಿಗೆ ವೃತ್ತಕ್ಕೆ ಒಂದೇ ರಾತ್ರಿ ಉಳಿಯಿತು. ಸರೋಜಕ್ಕ ಹೇಳಿದ ದಿನ, ಹೇಳಿದ ಬಸ್ಸಿನಲ್ಲಿ ಬಂದಳು. ಮಗಳನ್ನು ಜಗಲಿಯಲ್ಲಿ ಕೂರಿಸಿದಳು, ನನ್ನನ್ನು ಬಾವಿಕಟ್ಟೆಗೆ ಕಳಿಸಿದಳು. “ನೀನು ಇಲ್ಲಿದ್ರೆ ಉಸಿರಿನಲ್ಲೂ ಉತ್ತರ ಹೇಳ್ತೀ.” ಉತ್ತರ ಗೊತ್ತಿದ್ರೆ ಅಲ್ವಾ! ಬಾವಿಕಟ್ಟೆಯಲ್ಲಿ ಕೂತು ನಾನು ಕುತ್ತಿಗೆ ಉದ್ದ ಮಾಡಿ ಮಾಡಿ ನೋಡಿದೆ. ಹುಡುಗಿ ಬರೀತಾ ಇದ್ಳು, ನಿಲ್ಲಿಸ್ತಾ ಇದ್ಳು, ಪೆನ್ನು ಕಚ್ಚುತ್ತಾ ಇದ್ಳು.

ಅಕ್ಕ ಪೇಪರು ತಿದ್ದಿ ಕನ್ನಡಕ ತೆಗೆದಳು. “ಎಂಬತ್ತೆಂಟು. ಕೆಲಸ ಚೊಕ್ಕ ಉಂಟು. ಹೋಗಿದ್ದೆಲ್ಲ ವೃತ್ತದಲ್ಲೇ ಹೋಗಿದೆ. ಜ್ಯಾ ಎಳೆದು ಬಿಟ್ಟಿದ್ದೀ, ಮುಂದೆ ಎಂತದೂ ಇಲ್ಲ. ವೃತ್ತ ಹೇಳಿಕೊಟ್ಟದ್ದು ಯಾರು?”

ವಾರಿಜ ಮಾಡಿನ ಹಂಚು ನೋಡಿದ್ಳು. ನಾನು ಬೆಕ್ಕನ್ನು ಹುಡುಕಿದೆ. ಆಗ ಅನಘ ಹೇಳಿದ್ಳು, “ಅದು ನಾನೇ ಸರಿ ಓದ್ಲಿಲ್ಲ ಅತ್ತೆ.” ಹೇಳಿ ನನ್ನ ಕಡೆ ತಿರುಗಿ ಒಂದು ಕಣ್ಣು ಮುಚ್ಚಿದ್ಳು. ನನ್ನ ಮಗಳೇ! ಇಷ್ಟು ವರ್ಷ ನಾನು ಹೇಳಿದ ಸುಳ್ಳುಗಳಲ್ಲಿ ಒಂದಕ್ಕೂ ಇಷ್ಟು ಬೆಲೆ ಇರ್ಲಿಲ್ಲ.

ಓಣಂ ಕಳೀತು, ಮಳೆಯೂ ಬಿಟ್ಟಿತು. ಹುಡುಗಿ ಬೆಳಿಗ್ಗೆ ಎದ್ದು ಬಿಸಿಲು ನೋಡಿ ನಿಟ್ಟುಸಿರು ಬಿಡ್ಲಿಕ್ಕೆ ಸುರು ಮಾಡಿದ್ಳು. ಪಾಪ, ಕಲೆಕ್ಟರಾದ್ರೂ ಎಂತ ಮಾಡ್ತಾರೆ? ಹಾಗೆ ಆ ಜವಾಬ್ದಾರಿ ನಾನೇ ತಕ್ಕೊಂಡೆ. ಈಗ ದಿನಾ ಬೆಳಿಗ್ಗೆ ಮೈಕ್ ಹಿಡಿದು, “ವಿಪರೀತ ಬಿಸಿಲಿನ ಕಾರಣ ಈ ಮನೆಯ ಎಲ್ಲ ವಿದ್ಯಾಸಂಸ್ಥೆಗಳಿಗೆ ಇಂದು ರಜೆ ಸಾರಲಾಗಿದೆ” ಅಂತ ಘೋಷಣೆ ಮಾಡ್ತೇನೆ. ಅವಳು ಖುಷಿಯಲ್ಲಿ ಪುಸ್ತಕ ಹಿಡ್ಕೊಂಡು ಕೋಣೆಗೆ ಹೋಗ್ತಾಳೆ. ಕ್ಲಾಸಿಗೇ ಹೋಗದೆ ಮಕ್ಕಳನ್ನು ಪಾಸು ಮಾಡಿಸುವ ಹೆಡ್‌ಮಾಷ್ಟ್ರು ಈ ಜಿಲ್ಲೆಯಲ್ಲಿ ನಾನೊಬ್ಬನೇ, ತಿಳ್ಕೊಳ್ಳಿ.

ಆದ್ರೆ ಕಲಿಸಿ ಅಭ್ಯಾಸ ಆದ ನಾಲಗೆ ಸುಮ್ಮನೆ ಕೂರ್ತದಾ? ಒಂದು ಸಂಜೆ ಚಾದಂಗಡಿಯಲ್ಲಿ ಬಿಜು ಮಾಷ್ ಒಬ್ಬರೇ ಕೂತಿದ್ರು. “ಚೇಟ್ಟಾ, ನನಗೆ ಸ್ವಲ್ಪ ಕನ್ನಡ ಕಲಿಸಿಕೊಡ್ಬಹುದಾ?” ಅಂತ ಮಲಯಾಳದಲ್ಲಿ ಕೇಳಿದ್ರು. ಕೇಳ್ಬೇಕಾ! ಅವತ್ತಿನಿಂದ ದಿನಾ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕ್ಲಾಸು. ಇಲೆಕ್ಷನ್, ಪಾಯಸ, ಪಂಕ್ಚರು, ಎಲ್ಲ ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳ್ತೇನೆ. ಅವರು ಎಷ್ಟು ಶ್ರದ್ಧೆಯಿಂದ ಕೇಳ್ತಾರೆ ಅಂದ್ರೆ, ಒಂದು ಮಾತಿಗೂ ತಲೆ ಅಲ್ಲಾಡಿಸದೆ ಬಿಡುದಿಲ್ಲ. ಇಂಥ ವಿದ್ಯಾರ್ಥಿ ನನಗೆ ಇದುವರೆಗೆ ಸಿಕ್ಕಿರ್ಲಿಲ್ಲ.

ಫಲವೂ ಸಿಕ್ಕಿತು ಮಾರಾಯ್ರೆ. ಹೋದ ವಾರ ನಾನು ಕತೆಯಲ್ಲಿ ಬದಿಯಡ್ಕದ ಪಂಕ್ಚರು ಅಂಗಡಿಯಲ್ಲಿ ಇರುವಾಗಲೇ ಅವರು ಚಾದ ಗ್ಲಾಸು ಕೆಳಗಿಟ್ಟು, ನನ್ನ ಕೈ ಹಿಡಿದು, ಮೊತ್ತಮೊದಲ ಸಲ ಒಂದು ಇಡೀ ವಾಕ್ಯ ಕನ್ನಡದಲ್ಲಿ, ಒಂದು ತಪ್ಪಿಲ್ಲದೆ ಹೇಳಿದ್ರು:

“ಗೋಪಾಲಣ್ಣ, ನಾಳೆ ರಜೆ ಉಂಟಾ?”